ಯಂತ್ರದ ತಪ್ಪು ಹುಡುಕುವ ದಾರಿ ತೋರಿದ ಟ್ಯೂರಿಂಗ್

ಅಲನ್ ಟ್ಯೂರಿಂಗ್ 1912ರಲ್ಲಿ ಲಂಡನಿನಲ್ಲಿ ಜನಿಸಿದರು. ತಂದೆ ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ, ನಮ್ಮ ಕಾಸರಗೋಡೂ ಆಗ ಅದೇ ಪ್ರಾಂತಕ್ಕೆ ಸೇರಿತ್ತು. ಹೆತ್ತವರು ಈ ಕಡೆಯಿದ್ದಾಗ ಮಗು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬೆಳೆಯಿತು.

1936ರಲ್ಲಿ ಅವರು ಒಂದು ಮಿತಿಯನ್ನು ಸಾಧಿಸಿ ತೋರಿಸಿದರು: ಗಣಕಯಂತ್ರಕ್ಕೆ ಕೊಟ್ಟ ಆಜ್ಞೆಗಳ ಗತಿಯನ್ನು ಎಲ್ಲ ಸಂದರ್ಭಗಳಲ್ಲೂ ಮೊದಲೇ ಹೇಳಬಲ್ಲ ಯಾಂತ್ರಿಕ ವಿಧಾನವಿಲ್ಲ. ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಎನಿಗ್ಮಾ ಸಂಕೇತಗಳನ್ನು ಬಿಡಿಸಲು ದುಡಿದರು.

1949ರಲ್ಲಿ ಕೇಂಬ್ರಿಜಿನ ಸಮ್ಮೇಳನವೊಂದರಲ್ಲಿ, ದೊಡ್ಡ ಆಜ್ಞಾಸರಣಿಯಲ್ಲಿ ತಪ್ಪಿಲ್ಲವೆಂದು ಖಚಿತಪಡಿಸುವ ಬಗೆಯನ್ನು ವಿವರಿಸಿದರು. ಉದಾಹರಣೆಗೆ ಆರಿಸಿದ್ದು ಮಕ್ಕಳ ಕೂಡುವ ಲೆಕ್ಕ: ದಶಕಗಳನ್ನು ಬರೆದಿಟ್ಟರೆ ಬಿಡಿ, ಹತ್ತು, ನೂರರ ಸಾಲುಗಳನ್ನು ಬೇರೆ ಬೇರೆಯಾಗಿ ತಾಳೆ ನೋಡಬಹುದು. ದಶಕ ಬರೆಯಿರೆಂದು ತರಗತಿಯಲ್ಲಿ ನಾವು ಗದರುವುದೂ ಇದಕ್ಕೇ. ಇಂದು ಕಾರಿನ ಬ್ರೇಕನ್ನು ನಿಯಂತ್ರಿಸುವ ಪುಟ್ಟ ಗಣಕದ ಮಾದರಿಯಲ್ಲಿ ತಪ್ಪು ಹುಡುಕಲು ಬೇಕಾದ ಪರೀಕ್ಷೆಗಳನ್ನು ಇನ್ನೊಂದು ಗಣಕವೇ ರಚಿಸುತ್ತದೆ. ಟ್ಯೂರಿಂಗರು ಕಂಡ ಮಿತಿ ಮಾತ್ರ ಹಾಗೆಯೇ ಉಳಿದಿದೆ.

ಅವರ ಕೊನೆ ದುಃಖಕರ. ಸಲಿಂಗ ಸಂಬಂಧಕ್ಕಾಗಿ 1952ರಲ್ಲಿ ಅವರನ್ನು ಶಿಕ್ಷಿಸಲಾಯಿತು. 1954ರಲ್ಲಿ, 41ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಬ್ರಿಟಿಷ್ ಸರಕಾರ ಕ್ಷಮೆ ಕೇಳಿದ್ದು 2009ರಲ್ಲಿ. ಲೆಕ್ಕದ ಜೊತೆಗೆ ಇದನ್ನೂ ಮಕ್ಕಳಿಗೆ ಹೇಳಬೇಕೆಂಬುದು ನಮ್ಮ ಅಭಿಪ್ರಾಯ.