ಹಿಂದಕ್ಕೂ ನಡೆಯುವ ಕ್ರಿಯೆಯನ್ನು ಕಂಡ ಬರ್ತೊಲೆ

ಮಕ್ಕಳೇ, ದಾಂಡೇಲಿ ಸಮೀಪದ ಕಾಡಿನಲ್ಲಿ ಕವಳಾ ಗುಹೆ ಇದೆ. ಶಿವರಾತ್ರಿಯಂದು ನಿಮ್ಮಲ್ಲಿ ಕೆಲವರು ಅಲ್ಲಿಗೆ ಹೋಗಿರಬಹುದು. ಗುಹೆಯೊಳಗೆ ಸುಣ್ಣಕಲ್ಲು ಲಿಂಗದ ಆಕಾರದಲ್ಲಿ ಬೆಳೆದಿದೆ. ಕಲ್ಲು ಬೆಳೆಯುವುದು ಹೇಗೆ?

ಮಳೆಯ ನೀರು ಮಣ್ಣಿನಲ್ಲಿ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಕರಗಿಸಿಕೊಳ್ಳುತ್ತದೆ. ಅಂಥ ನೀರು ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಈ ನೀರು ಗುಹೆಯೊಳಗೆ ತೊಟ್ಟಿಕ್ಕಿದಾಗ ಅನಿಲ ಹೊರಗೆ ಹೋಗುತ್ತದೆ. ಆಗ ಕರಗಿದ್ದ ಸುಣ್ಣಕಲ್ಲು ಮತ್ತೆ ಕಲ್ಲಾಗಿ ಕೂರುತ್ತದೆ. ಒಂದೇ ರಾಸಾಯನಿಕ ಕ್ರಿಯೆ ಮಣ್ಣಿನೊಳಗೆ ಮುಂದಕ್ಕೆ ನಡೆಯಿತು, ಗುಹೆಯೊಳಗೆ ಹಿಂದಕ್ಕೆ ನಡೆಯಿತು! ಹೀಗೆ ಎರಡೂ ದಿಕ್ಕಿಗೆ ನಡೆಯುವ ಕ್ರಿಯೆಯನ್ನು ಪರಾವರ್ತ ಕ್ರಿಯೆ ಎನ್ನುತ್ತಾರೆ. ಇದನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದ ವಿಜ್ಞಾನಿ ಕ್ಲೋದ್ ಲೂಯಿ ಬರ್ತೊಲೆ.

ಬರ್ತೊಲೆ ಹುಟ್ಟಿದ್ದು 1748ರ ಡಿಸೆಂಬರ್ 9ರಂದು, ಆನ್ಸಿ ಸರೋವರದ ದಡದ ತಾಲ್ವಾರ್ ಎಂಬ ಊರಿನಲ್ಲಿ. ಈ ಊರು ಈಗ ಫ್ರಾನ್ಸ್ ದೇಶದಲ್ಲಿದೆ. ಅವರು ಇಟಲಿಯ ಟ್ಯೂರಿನ್ ನಗರದಲ್ಲಿ ವೈದ್ಯಶಾಸ್ತ್ರ ಓದಿದರು. 1772ರಲ್ಲಿ ಪ್ಯಾರಿಸ್‌ಗೆ ಬಂದರು. ವೈದ್ಯರಾಗಿದ್ದರೂ ಅವರ ಮನಸ್ಸು ರಸಾಯನಶಾಸ್ತ್ರದತ್ತ ಹರಿಯಿತು. 1780ರಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಮುಂದೆ ಬಟ್ಟೆಗೆ ಬಣ್ಣ ಹಾಕುವ ಸರ್ಕಾರಿ ಕಾರ್ಖಾನೆಗಳ ಮೇಲ್ವಿಚಾರಣೆಯೂ ಅವರ ಪಾಲಿಗೆ ಬಂತು.

ಆಗ ಬಟ್ಟೆಯನ್ನು ಬಿಳಿ ಮಾಡುವುದು ಸುಲಭವಾಗಿರಲಿಲ್ಲ. ಹುಲ್ಲಿನ ಮೇಲೆ ಹರಡಿ ವಾರಗಟ್ಟಲೆ ಬಿಸಿಲಿಗೆ ಒಣಗಿಸಬೇಕಿತ್ತು. ಕ್ಲೋರಿನ್ ಅನಿಲದಿಂದ ಈ ಕೆಲಸ ಬೇಗ ಆಗುತ್ತದೆಂದು ಬರ್ತೊಲೆ 1785ರಲ್ಲಿ ತೋರಿಸಿದರು. ಅವರು ಬಯಸಿದ್ದರೆ ಇದರಿಂದ ತುಂಬಾ ಹಣ ಗಳಿಸಬಹುದಿತ್ತು. ಆದರೆ ಪೇಟೆಂಟ್ ಪಡೆಯದೆ ವಿಧಾನವನ್ನು ಎಲ್ಲರಿಗೂ ತಿಳಿಸಿದರು. ಕಾಗದದ ಕಾರ್ಖಾನೆಗಳೂ ಕಂದು ಬಣ್ಣದ ತಿರುಳನ್ನು ಬಿಳಿ ಮಾಡಲು ಇದೇ ದಾರಿ ಹಿಡಿದವು. ಕ್ಲೋರಿನ್ ಅನಿಲದಿಂದ ಪರಿಸರಕ್ಕೆ ಹಾನಿಯಾಗುವುದರಿಂದ ಇಂದು ಹಲವೆಡೆ ಅದರ ಬದಲು ಕ್ಲೋರಿನ್ ಡೈಆಕ್ಸೈಡ್ ಬಳಸುತ್ತಾರೆ.

1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಸೈನ್ಯದ ಜೊತೆ ವಿಜ್ಞಾನಿಗಳೂ ಹೊರಟರು. ಅವರಲ್ಲಿ ಬರ್ತೊಲೆ ಒಬ್ಬರು. ಕೈರೋ ನಗರದ ವಾಯವ್ಯಕ್ಕೆ ಮರುಭೂಮಿಯಲ್ಲಿ ಕೆಲವು ಉಪ್ಪುನೀರಿನ ಕೆರೆಗಳಿವೆ. ಅವುಗಳ ದಡದಲ್ಲಿ ಬಿಳಿಯ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಹೆಪ್ಪುಗಟ್ಟಿತ್ತು. ಬಟ್ಟೆ ಒಗೆಯಲು ಬಳಸುವ ಸೋಡಾ ಇದೇ.

ಬರ್ತೊಲೆ ಯೋಚಿಸತೊಡಗಿದರು. ಪ್ರಯೋಗಾಲಯದಲ್ಲಿ ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಗಳನ್ನು ಬೆರೆಸಿದರೆ ಸುಣ್ಣಕಲ್ಲಿನ ಪುಡಿ ಮತ್ತು ಅಡುಗೆ ಉಪ್ಪು ಸಿಗುತ್ತವೆ. ಇಲ್ಲಿ ಎಲ್ಲವೂ ತಿರುಗುಮುರುಗು! ಉಪ್ಪು ಮತ್ತು ಸುಣ್ಣಕಲ್ಲು ಸೇರಿ ಸೋಡಾ ಆದಂತೆ ಕಾಣುತ್ತಿತ್ತು. ಇಲ್ಲಿ ಉಪ್ಪು ರಾಶಿರಾಶಿ ಇದೆ, ಉಂಟಾದ ಸೋಡಾ ದಡಕ್ಕೆ ಸರಿದು ಹೋಗುತ್ತದೆ, ಆದ್ದರಿಂದ ಕ್ರಿಯೆ ಹಿಂದಕ್ಕೆ ನಡೆದಿದೆ ಎಂದು ಅವರು ತರ್ಕಿಸಿದರು. (ಆ ಕೆರೆಗಳಲ್ಲಿ ಸೋಡಾ ಉಂಟಾಗಲು ಸೂಕ್ಷ್ಮಜೀವಿಗಳೂ ಕಾರಣವೆಂದು ನಂತರ ತಿಳಿಯಿತು. ಆದರೂ ಬರ್ತೊಲೆ ಅಲ್ಲಿ ಕಂಡುಕೊಂಡ ತತ್ವ ನಿಜ.)

ಆ ಕಾಲದ ವಿಜ್ಞಾನಿಗಳ ನಂಬಿಕೆ ಬೇರೆಯಾಗಿತ್ತು. ಯಾವ ವಸ್ತು ಯಾವುದರ ಜೊತೆ ಸೇರಬೇಕೆಂಬುದು ಅವುಗಳ ಸ್ವಭಾವದಲ್ಲೇ ಇದೆ, ಕ್ರಿಯೆ ಒಂದೇ ದಿಕ್ಕಿಗೆ ನಡೆಯುತ್ತದೆ ಎಂದು ಅವರು ತಿಳಿದಿದ್ದರು. ಬರ್ತೊಲೆ ಹೇಳಿದ್ದು, ಸ್ವಭಾವದಂತೆ ವಸ್ತುವಿನ ಪ್ರಮಾಣವೂ ಮುಖ್ಯ ಎಂದು. 1803ರಲ್ಲಿ ಈ ವಿಚಾರವನ್ನು ದೊಡ್ಡ ಗ್ರಂಥವಾಗಿ ಪ್ರಕಟಿಸಿದರು.

ಆದರೆ ಅವರು ಒಂದು ತಪ್ಪನ್ನೂ ಮಾಡಿದರು. ಬೆರೆಸುವ ಪ್ರಮಾಣ ಬದಲಾದರೆ ಉಂಟಾಗುವ ಸಂಯುಕ್ತದ ರಚನೆಯೂ ಬದಲಾಗುತ್ತದೆ ಎಂದುಬಿಟ್ಟರು. ಜೋಸೆಫ್ ಪ್ರೂಸ್ತ್ ಎಂಬ ವಿಜ್ಞಾನಿ ಇದನ್ನು ಒಪ್ಪಲಿಲ್ಲ. ನೀರು ಕಾಳಿ ನದಿಯದಾಗಲಿ, ಬಾವಿಯದಾಗಲಿ, ಶುದ್ಧವಾದ 9 ಗ್ರಾಂ ನೀರಿನಲ್ಲಿ 1 ಗ್ರಾಂ ಹೈಡ್ರೋಜನ್ ಮತ್ತು 8 ಗ್ರಾಂ ಆಕ್ಸಿಜನ್ ಇದ್ದೇ ಇರುತ್ತವೆ ಅಲ್ಲವೇ? ಹಲವು ವರ್ಷ ನಡೆದ ವಾದದಲ್ಲಿ ಪ್ರೂಸ್ತ್ ಗೆದ್ದರು. ಬರ್ತೊಲೆ ಅವರ ತಪ್ಪಿನ ಜೊತೆಗೆ ಅವರ ಸರಿಯಾದ ವಿಚಾರವೂ ಮೂಲೆಗುಂಪಾಯಿತು!

ಬರ್ತೊಲೆ ಮಾತ್ರ ಕೆಲಸ ಬಿಡಲಿಲ್ಲ. ಪ್ಯಾರಿಸ್ ಹತ್ತಿರದ ಆರ್ಕೈ ಎಂಬಲ್ಲಿ ತಮ್ಮ ಮನೆಯಲ್ಲೇ ಪ್ರಯೋಗಾಲಯ ಮಾಡಿ ಯುವ ವಿಜ್ಞಾನಿಗಳನ್ನು ಬೆಳೆಸಿದರು. ಗೇ-ಲುಸಾಕ್ ಎಂಬ ಯುವಕ ಅವರ ಸಹಾಯಕರಾಗಿದ್ದರು. ಒಮ್ಮೆ ಈ ಯುವಕನ ಪ್ರಯೋಗದ ಫಲಿತಾಂಶ ಗುರುವಿನ ಎಣಿಕೆಗೆ ವಿರುದ್ಧವಾಗಿ ಬಂತಂತೆ. ಬರ್ತೊಲೆ ಸಿಟ್ಟಾಗದೆ ಅವರನ್ನು ಮೆಚ್ಚಿಕೊಂಡರೆಂದು ಹೇಳುತ್ತಾರೆ. 1822ರ ನವೆಂಬರ್ 6ರಂದು ಆರ್ಕೈನಲ್ಲೇ ಬರ್ತೊಲೆ ತೀರಿಕೊಂಡರು.

ಅವರು ತೀರಿಕೊಂಡು 42 ವರ್ಷಗಳ ನಂತರ, 1864ರಲ್ಲಿ, ನಾರ್ವೆ ದೇಶದ ಗುಲ್ಡ್‌ಬರ್ಗ್ ಮತ್ತು ವಾಗೆ ಅವರ ವಿಚಾರವನ್ನು ಮತ್ತೆ ಕೈಗೆತ್ತಿಕೊಂಡರು. ಪ್ರಮಾಣಕ್ಕೂ ಕ್ರಿಯೆಗೂ ಇರುವ ಸಂಬಂಧವನ್ನು ಲೆಕ್ಕದಲ್ಲಿ ಬರೆದರು. ಕ್ರಿಯೆಯಲ್ಲಿ ಸೇರುವ ವಸ್ತುಗಳು ದ್ರಾವಣದಲ್ಲಿ ಹೆಚ್ಚು ದಟ್ಟವಾಗಿದ್ದರೆ ಸಾಮಾನ್ಯವಾಗಿ ಕ್ರಿಯೆಯ ವೇಗವೂ ಹೆಚ್ಚು. ಮುಚ್ಚಿದ ಪಾತ್ರೆಯಲ್ಲಿ ಮುಂದಿನ ಕ್ರಿಯೆಯ ವೇಗ ಕಡಿಮೆಯಾಗುತ್ತಾ, ಹಿಂದಿನ ಕ್ರಿಯೆಯ ವೇಗ ಹೆಚ್ಚುತ್ತಾ ಹೋಗಿ ಕೊನೆಗೆ ಎರಡೂ ಸಮವಾಗುತ್ತವೆ. ಇದೇ ರಾಸಾಯನಿಕ ಸಮತೋಲನ.

ಹಳಿಯಾಳದ ಸಂತೆಯನ್ನು ನೆನಪಿಸಿಕೊಳ್ಳಿ. ನಿಮಿಷಕ್ಕೆ ಹತ್ತು ಜನ ಒಳಗೆ ಬಂದು, ಹತ್ತು ಜನ ಹೊರಗೆ ಹೋದರೆ ಸಂತೆಯ ಜನಸಂಖ್ಯೆ ಬದಲಾಗುವುದಿಲ್ಲ. ಆದರೆ ಓಡಾಟ ನಿಂತಿದೆಯೇ? ಇಲ್ಲ! ಸಮತೋಲನದಲ್ಲಿಯೂ ಹೀಗೆಯೇ, ಹೊರಗೆ ಬದಲಾವಣೆ ಕಾಣದಿದ್ದರೂ ಒಳಗೆ ಎರಡೂ ಕ್ರಿಯೆಗಳು ನಡೆಯುತ್ತಲೇ ಇರುತ್ತವೆ.

ಮುಂದಿನ ಸಲ ಕವಳಾ ಗುಹೆಗೆ ಹೋದಾಗ ತೊಟ್ಟಿಕ್ಕುವ ಹನಿಯನ್ನು ಗಮನಿಸಿ. ಕಲ್ಲನ್ನು ಕರಗಿಸಿದ ನೀರೇ ಅಲ್ಲಿ ಕಲ್ಲನ್ನು ಕಟ್ಟುತ್ತಿದೆ. ಬರ್ತೊಲೆ ಈಜಿಪ್ಟಿನ ಕೆರೆಯ ದಡದಲ್ಲಿ ನಿಂತು ಕೇಳಿಕೊಂಡ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ: ಈ ಕ್ರಿಯೆ ಹಿಂದಕ್ಕೂ ನಡೆಯಬಹುದೇ?