ಡಾಕ್ಟರ್ ಲೂಸಿ ವಿಲ್ಸ್

ಗರ್ಭಿಣಿಯರ ರಕ್ತಹೀನತೆಗೆ ಪರಿಹಾರವನ್ನು ಕಂಡುಹಿಡಿದು ಅಸಂಖ್ಯ ತಾಯಂದಿರಿಗೆ ಉಪಕಾರ ಮಾಡಿದ ಡಾಕ್ಟರ್ ಲೂಸಿ ವಿಲ್ಸ್ ಅವರು 1888ನೆಯ ಇಸವಿ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಮೀಪದಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ಗಣಿತವನ್ನೂ ವಿಜ್ಞಾನವನ್ನೂ ಕಲಿಸುವುದರಲ್ಲಿ ಮುಂದಾಗಿದ್ದ ಚೆಲ್ಟನ್‌ಹ್ಯಾಮಿನ ಬಾಲಿಕಾ ವಿದ್ಯಾಲಯದಲ್ಲಿ ಓದಿ, ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಭೂಗರ್ಭಶಾಸ್ತ್ರಗಳನ್ನು ಅಭ್ಯಸಿಸಿ, 1911ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಆದರೆ ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಡುವ ಪದ್ಧತಿಯು ಆ ವಿಶ್ವವಿದ್ಯಾನಿಲಯದಲ್ಲಿ 1948ರ ವರೆಗೂ ಇರಲಿಲ್ಲ. ಮುಂದೆ ಇವರು ಲಂಡನ್ನಿನ ಸ್ತ್ರೀಯರ ವೈದ್ಯವಿದ್ಯಾಲಯವನ್ನು ಸೇರಿ 1920ರಲ್ಲಿ ವೈದ್ಯರಾದರು.

1928ರಲ್ಲಿ ಇವರು ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಸ್ತ್ರೀಯರನ್ನು ಗರ್ಭಕಾಲದಲ್ಲಿ ಒಂದು ಘೋರವಾದ ರಕ್ತಹೀನತೆಯು ಪೀಡಿಸುತ್ತಿತ್ತು. ಅನೇಕರು ಪ್ರಸವಕಾಲದಲ್ಲಿ ಪ್ರಾಣಬಿಡುತ್ತಿದ್ದರು. ರೋಗಾಣುಗಳೇ ಇದಕ್ಕೆ ಕಾರಣವೋ ಎಂದು ಇವರು ಮೊದಲು ಪರೀಕ್ಷಿಸಿದರು, ಹಾಗೆ ತೋರಲಿಲ್ಲ. ಅನಂತರ ಆ ಸ್ತ್ರೀಯರ ಊಟವನ್ನು ವಿಚಾರಿಸಲಾಗಿ, ಅದರಲ್ಲಿ ಹಣ್ಣು, ಹಾಲು, ಸೊಪ್ಪುಗಳು ಅತ್ಯಲ್ಪವೆಂದು ತಿಳಿಯಿತು. ಅಂಥ ಆಹಾರವನ್ನೇ ತಿಂದ ಕೋತಿಗಳಿಗೂ ರಕ್ತಹೀನತೆಯುಂಟಾಯಿತು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸತ್ತ್ವವನ್ನು ಕೊಡಲು ಅವು ಚೇತರಿಸಿಕೊಂಡವು. ಅದರಿಂದಲೇ ಗರ್ಭಿಣಿಯರೂ ಗುಣಹೊಂದಿದರು. ಈ ಸಂಗತಿಯನ್ನು ಇವರು 1931ರಲ್ಲಿ ಪ್ರಕಟಿಸಿದರು.

ಯೀಸ್ಟಿನಲ್ಲಿದ್ದ ಆ ಗುಣಕಾರಿ ದ್ರವ್ಯವು ಬಿ ಗುಂಪಿನ ಒಂದು ಜೀವಸತ್ತ್ವವೆಂದು ಮುಂದೆ ಸ್ಪಷ್ಟವಾಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಫೋಲಿಯಂ ಎಂದು ಹೆಸರು. ಆಂಧ್ರದವರಾದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕೆಯ ಲೆಡರ್ಲೆ ಪ್ರಯೋಗಶಾಲೆಯ ವಿಜ್ಞಾನಿಗಳು ಅದನ್ನು ಕೃತಕವಾಗಿ ತಯಾರಿಸಿ 1945ರಲ್ಲಿ ಪ್ರಕಟಪಡಿಸಿದರು.

ಈ ಆಮ್ಲವು ಇದ್ದಂತೆಯೇ ಕಾರ್ಯಕಾರಿಯಲ್ಲ. ಜೀವಕೋಶದೊಳಗಿರುವ ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವು ಅದಕ್ಕೆ ಜಲಜನಕವನ್ನು ಕೂಡಿಸಿ ಉಪಯುಕ್ತ ರೂಪಕ್ಕೆ ತರುತ್ತದೆ. ಆ ರೂಪವಿಲ್ಲದೆ ಕೋಶದ ಅನುವಂಶಿಕ ದ್ರವ್ಯವಾದ ಡಿ.ಎನ್.ಎ. ಸರಿಯಾಗಿ ಸಿದ್ಧವಾಗದು. ಆಗ ಎಲುಬಿನ ಮಜ್ಜೆಯ ಕೋಶಗಳು ವಿಭಜನೆಹೊಂದಲಾರದೆ ಉಬ್ಬುತ್ತವೆ. ಕೆಂಪುಕಣಗಳು ಗಾತ್ರದಲ್ಲಿ ಹಿಗ್ಗಿ ಸಂಖ್ಯೆಯಲ್ಲಿ ಕುಗ್ಗುತ್ತವೆ. ಗಿರಣಿಯ ಸ್ತ್ರೀಯರ ರಕ್ತದಲ್ಲಿ ಕಂಡುಬಂದದ್ದೂ ಇದೇ. ಒಡಲಲ್ಲಿ ಶಿಶುವು ಬೆಳೆಯುವಾಗ ಈ ಜೀವಸತ್ತ್ವವು ಹೆಚ್ಚಾಗಿ ಬೇಕಾಗುವುದರಿಂದಲೇ ಗರ್ಭಿಣಿಯರಿಗೆ ಕಷ್ಟವು ಅಧಿಕ.

ಇವರು ವಿವಾಹವಾಗದೆ ಸಂಶೋಧನೆಯಲ್ಲಿಯೇ ಆಯುಷ್ಯವನ್ನು ಸವೆಸಿ, 1964ನೆಯ ಇಸವಿ ಏಪ್ರಿಲ್ 16ರಂದು ದೈವಾಧೀನರಾದರು. ಇಂದು ನಮ್ಮ ದೇಶದ ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲವನ್ನೂ ಸೇರಿಸಿ ಕೊಡುತ್ತಾರೆ. ಬಡ ಸ್ತ್ರೀಯರ ತಟ್ಟೆಯಲ್ಲಿ ಏನಿದೆಯೆಂದು ವಿಚಾರಿಸಿದ ವಿದ್ಯಾವಂತೆಯೊಬ್ಬರ ಶ್ರಮವು ಆ ಪುಟ್ಟ ಮಾತ್ರೆಯಲ್ಲಿ ಅಡಗಿದೆಯೆಂಬುದನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು.