ಪಂಚಾಕ್ಷರಿ ಗವಾಯಿಗಳು

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅದನ್ನು ಬೆಳೆಸಿದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ, ಆಗ ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಜಿಲ್ಲೆಯ ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಆ ಊರು ಈಗ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಆತನು ಹುಟ್ಟುಗುರುಡ, ಅಣ್ಣ ಗುರುಬಸವಯ್ಯನೂ ಅಂಧನೇ.

ಆ ಕಾಲದಲ್ಲಿ ಬಡವರ ಮನೆಯ ಅಂಧ ಬಾಲಕನಿಗೆ ಅಕ್ಷರವಿಲ್ಲ, ಕಸುಬಿಲ್ಲ. ತಂದೆತಾಯಿಗಳಿರುವವರೆಗೆ ಮನೆಯ ಮೂಲೆ, ಅನಂತರ ದೇವಾಲಯದ ಮೆಟ್ಟಿಲು. ಆದರೆ ಈ ಸೋದರರಿಬ್ಬರಿಗೂ ಇಂಪಾದ ಕಂಠವಿದ್ದಿತು. ಅವರ ಹಾಡನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅಣ್ಣನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಉಳಿದ ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಕಲಿತನು. ಬಳಿಕ ಮಿರಜೆಯ ನೀಲಕಂಠಬುವಾ ಹಾಗೂ ಕಿರಾನಾ ಘರಾಣೆಯ ಉಸ್ತಾದ ಅಬ್ದುಲ್ ವಹೀದಖಾನರಿಂದ ಹಿಂದೂಸ್ತಾನಿ ಸಂಗೀತದ ಪಾಠವಾಯಿತು. ಎರಡು ಪದ್ಧತಿಗಳಲ್ಲಿ ಒಂದನ್ನು ಸಾಧಿಸುವುದರಲ್ಲಿಯೇ ಅನೇಕರ ಆಯುಷ್ಯ ಕಳೆದುಹೋಗುತ್ತದೆ. ಇವರು ಎರಡನ್ನೂ ಕರಗತ ಮಾಡಿಕೊಂಡು ಪಂಚಾಕ್ಷರಿ ಗವಾಯಿಗಳೆನಿಸಿದರು.

ಅಷ್ಟು ವಿದ್ಯೆಯಿದ್ದವರು ಯಾವುದಾದರೂ ಸಂಸ್ಥಾನದ ಆಶ್ರಯವನ್ನು ಬೇಡಿ ಸುಖವಾಗಿರಬಹುದಾಗಿತ್ತು. ಗವಾಯಿಗಳು ಹಾಗೆ ಮಾಡದೆ, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನೂ ದಿಕ್ಕಿಲ್ಲದ ಬಡ ಮಕ್ಕಳನ್ನೂ ಕೂಡಿಹಾಕಿಕೊಂಡು ಸಂಗೀತ ಪಾಠಶಾಲೆಯನ್ನು ನಡೆಸತೊಡಗಿದರು. ಜಾತಿಮತಗಳ ವಿಚಾರಣೆಯಿರಲಿಲ್ಲ, ಶುಲ್ಕವಿರಲಿಲ್ಲ, ಊಟ ವಸತಿಗಳ ಭಾರವೆಲ್ಲ ಗುರುವಿನ ಮೇಲೆ. ಆ ಶಾಲೆಗೆ ಬಹುಕಾಲ ಸ್ವಂತ ಕಟ್ಟಡವೇ ಇರಲಿಲ್ಲವೆಂದರೆ, ನಗರದ ಶಾಲೆಯಲ್ಲಿ ಬೆಂಚಿನ ಮೇಲೆ ಕುಳಿತು ಓದುವ ನಮಗೆ ಆಶ್ಚರ್ಯವಾದೀತು. ಗುರುಶಿಷ್ಯರು ಊರಿಂದೂರಿಗೆ ಸಂಚರಿಸುತ್ತಿದ್ದರು. ತಂಗಿದ ಸ್ಥಳವೇ ಶಾಲೆ. ಪುಸ್ತಕವಿಲ್ಲದ ಈ ಪಾಠವೆಲ್ಲ ಕಿವಿಯಿಂದ ಕಂಠಕ್ಕೆ, ಬೆರಳಿನಿಂದ ಬೆರಳಿಗೆ. ಗುರುವು ಒಂದು ಸ್ವರವನ್ನು ಹಿಡಿದರೆ ಶಿಷ್ಯನು ಅದನ್ನೇ ಹಿಡಿಯಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ.

ಇಷ್ಟು ಜನರ ಹೊಟ್ಟೆ ತುಂಬುವುದು ಹೇಗೆ? ಭಕ್ತರ ಜೋಳಿಗೆಯ ಧಾನ್ಯ ಸಾಲದಾದಾಗ ಗವಾಯಿಗಳು ನಾಟಕ ಸಂಘವೊಂದನ್ನು ಕಟ್ಟಿದರು. ನಾಟಕದ ಆದಾಯವು ಮಳೆಯನ್ನು ನಂಬಿದ ಬೇಸಾಯದಂತೆ. ಆದರೂ ಅದರಿಂದ ಶಿಷ್ಯರಿಗೆ ಅನ್ನದೊಡನೆ ರಂಗದ ಶಿಕ್ಷಣವೂ ದೊರೆಯಿತು.

1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಆರನೂರನೆಯ ವರ್ಷದ ಉತ್ಸವ ನಡೆಯಿತು. ಯಲಿವಾಳದ ಹುಡುಗ ಬಸವರಾಜ ರಾಜಗುರು, ಗವಾಯಿಗಳ ಶಿಷ್ಯ, ಅಲ್ಲಿ ಪ್ರಥಮ ಬಾರಿಗೆ ಮಹಾಸಭೆಯ ಮುಂದೆ ಹಾಡಲು ಕುಳಿತನು. ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳು. ಗಾಯಕನೇ ಸಭೆಯ ನಾಯಕ, ತಬಲಾದವನು ಹಿಂಬಾಲಕನೆಂದು ಎಣಿಸುತ್ತಿದ್ದ ಕಾಲವದು. ಅಂದಿನ ಕಛೇರಿಯಲ್ಲಿ ಗುರುವು ಶಿಷ್ಯನನ್ನು ಹಿಂಬಾಲಿಸಿದರು. ಆ ಹುಡುಗನೇ ಮುಂದೆ ಭಾರತವೆಲ್ಲ ಬಲ್ಲ ಗಾಯಕನಾದನು.

ಅಲೆದಾಟದ ಶಾಲೆಗೆ ಗದಗಿನಲ್ಲಿ ಸ್ಥಿರವಾದ ನೆಲೆ ದೊರೆತದ್ದು 1942ರಲ್ಲಿ. ಆ ನೆರಳಿನಲ್ಲಿ ಗವಾಯಿಗಳು ಬಾಳಿದ್ದು ಎರಡೇ ವರ್ಷ; 1944ರ ಜೂನ್ ತಿಂಗಳಿನಲ್ಲಿ ಅವರು ದಿವಂಗತರಾದರು. ಆಗ ಆಶ್ರಮದ ಭಾರವನ್ನು ಹೊತ್ತವರು ಹಾನಗಲ್ಲು ತಾಲೂಕಿನವರೇ ಆದ, ಅಂಧರೇ ಆದ ಶಿಷ್ಯ ಪುಟ್ಟರಾಜ ಗವಾಯಿಗಳು. ಅವರಿಗೆ ಆಗ ಮೂವತ್ತು ವರ್ಷ. ಅಲ್ಲಿಂದ ಅರುವತ್ತಾರು ವರ್ಷಗಳ ಕಾಲ, 2010ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೆ, ಅವರು ಗದಗಿನಲ್ಲಿ ಅಂಧ ಮಕ್ಕಳಿಗೆ ಅನ್ನವಿಕ್ಕಿ ಸರಿಗಮ ಕಲಿಸಿದರು. ಅವರ ಸಮಾಧಿಯೂ ಪುಣ್ಯಾಶ್ರಮದ ಆವರಣದಲ್ಲಿಯೇ ಇದೆ.